ಮನೆಬಾಗಿಲಿಗೆ ಹೋದ ದಾಸೋಹ



ದಾಸೋಹವೆಂದರೆ ಬಂದವರಿಗೆ ನೀಡುವುದೆಂದು ನಾವು ಬಹುಕಾಲ ತಿಳಿದಿದ್ದೆವು. ಬಾರದವರ ಮನೆಗೆ ಹೋಗಿ ನೀಡುವ ಬಗೆಯನ್ನು ಉಡುಪಿಯವರಲ್ಲಿ ಕಂಡೆವು. ಅಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗವೆಂಬ ಸಂಸ್ಥೆಯಿದೆ. ಯಕ್ಷಗಾನದ ಪ್ರೀತಿಯಿಂದ ಕೂಡಿದವರು 2005ರಲ್ಲಿ ವಿದ್ಯಾಪೋಷಕ್ ಎಂಬ ಯೋಜನೆಯನ್ನು ತೊಡಗಿ ಬಡ ವಿದ್ಯಾರ್ಥಿಗಳಿಗೆ ನೆರವಾದರು. ಅರ್ಜಿ ಬಂದರೆ ಕಾರ್ಯಕರ್ತರು ವಿದ್ಯಾರ್ಥಿಯ ಮನೆಗೇ ಹೋಗಿ ನೋಡುತ್ತಾರೆ. ಹೋದಾಗ ಕಂಡದ್ದೇನು? ಶುಲ್ಕಕ್ಕೆ ನೆರವು ಬೇಡಿದ ಮಗುವಿಗೆ ರಾತ್ರಿ ಓದಲು ದೀಪವಿಲ್ಲ. ಕೆಲವೆಡೆ ಮಳೆ ತಡೆಯುವ ಮಾಡೂ ಇಲ್ಲ. ದಾನಿಗಳನ್ನು ಹುಡುಕಿ ಬೆಳಕು ಕೊಡಿಸಿದರು, ಮನೆಗಳನ್ನೇ ಕಟ್ಟಿಸಿಕೊಟ್ಟರು. ಕಾಪು, ಕಾರ್ಕಳದ ಕಡೆಯ ಆಷಾಢದ ಮಳೆಯನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. ನಮ್ಮ ಬಯಲುಸೀಮೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಮನೆಬಾಗಿಲಿಗೆ ಹೋಗುವುದು ಆ ಸೀಮೆಗೆ ಹೊಸತಲ್ಲ. ಮಣಿಪಾಲದ ಡಾ. ಟಿ. ಎಂ. ಎ. ಪೈಯವರ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಾಗ ದಿನದ ಎರಡಾಣೆಯನ್ನು ಮನೆಮನೆಯಿಂದಲೇ ಎತ್ತುತ್ತಿದ್ದರು. ನಮ್ಮ ಜೋಳಿಗೆಯೂ ಮನೆಮನೆಗೆ ಹೋಗುತ್ತದೆ, ತರುವುದಕ್ಕೆ ಮಾತ್ರ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಪ್ರಸಾದನಿಲಯದ ಹುಡುಗನೊಬ್ಬ ನಡುವರ್ಷದಲ್ಲಿ ಬರುವುದನ್ನು ಬಿಟ್ಟ. ಶ್ರದ್ಧೆಯಿಲ್ಲವೆಂದು ನಾವು ಹೆಸರು ತೆಗೆಸಿದೆವು. ತಂದೆ ಹಾಸಿಗೆ ಹಿಡಿದಿದ್ದನೆಂದೂ, ಹುಡುಗ ಕೂಲಿಗೆ ಹೋಗುತ್ತಿದ್ದನೆಂದೂ ತಿಳಿದದ್ದು ಮರುವರ್ಷ ಭಿಕ್ಷೆಗೆ ಆ ಊರಿಗೆ ಹೋದಾಗ. ಮಠದಿಂದ ಆ ಮನೆ ನಾಲ್ಕು ಹರದಾರಿ. ಅವನ ತಾಯಿ ಆಗಲೂ ಜೋಳಿಗೆಗೆ ಒಂದು ಸೇರು ಜೋಳ ಹಾಕಿದಳು.

ಈ ಶ್ರಾವಣದಲ್ಲಿ ಪ್ರಸಾದನಿಲಯದ ಮಕ್ಕಳ ಮನೆಗಳಿಗೆ ನಾವೇ ಹೊರಡುತ್ತೇವೆ. ನಿಮ್ಮಲ್ಲಿ ಇಬ್ಬರು ಮೂವರು ಜೊತೆಗೆ ಬನ್ನಿರಿ. ಮೊದಲು ಆ ಹುಡುಗನ ಮನೆಗೆ.