ಮನೆಗೆ ಹೊಸದಾಗಿ ಬಂದ ಗಿನಿಪಿಗ್: ಮೇವು ಮತ್ತು ಆರೈಕೆ

(ಗೋಣಿಬೀಡಿನಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಾಲಿನ ಸಭೆಯಲ್ಲಿ ಗಿನಿಪಿಗ್ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಸುವಿಗೆ ಚಿಕಿತ್ಸೆ ಮಾಡಲೆಂದು ಕೊಟ್ಟಿಗೆಗೆ ಹೋದಾಗ, ಆ ಮನೆಯ ಮಗು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದು "ಡಾಕ್ಟ್ರೇ, ಇದು ಯಾಕೋ ತಿಂತಾ ಇಲ್ಲ" ಎನ್ನುವುದು ಈಗೀಗ ಹೆಚ್ಚಾಗಿದೆ. ಪೇಟೆಯ ಅಂಗಡಿಯಿಂದ ತಂದ ಪ್ರಾಣಿ ಮೊದಲ ಎರಡು ವಾರ ಚುರುಕಾಗಿರುತ್ತದೆ. ಮೂರನೆಯ ವಾರ ಮೂಲೆ ಸೇರುತ್ತದೆ. ನಾಲ್ಕನೆಯ ವಾರ ಸಾಯುತ್ತದೆ. ಮನೆಯವರು "ಮಲೆನಾಡಿನ ಹವೆ ಅದಕ್ಕೆ ಒಗ್ಗಲಿಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಹೀಗೆ ಸಾಯುವವುಗಳಲ್ಲಿ ಬಹಳಷ್ಟಕ್ಕೆ ಕಾರಣ ಹವೆಯಲ್ಲ, ಮೇವು. ಇನ್ನು ಕೆಲವಕ್ಕೆ, ಕೊಟ್ಟಿಗೆಯ ಗೂಡಿನಲ್ಲಿ ಉಳಿದ ಹಸುವಿನ ಔಷಧ. ಇವೆರಡೂ ನಮ್ಮ ಕೈಯಲ್ಲೇ ಇರುವ ಸಂಗತಿಗಳಾದ್ದರಿಂದ ಇಂದು ಈ ವಿಷಯ ಎತ್ತಿಕೊಂಡಿದ್ದೇನೆ.

ಇದು ಎಂಥ ಪ್ರಾಣಿ?

ಹೆಸರಿನಲ್ಲಿ ಪಿಗ್ ಇದ್ದರೂ ಇದು ಹಂದಿಯಲ್ಲ. ಗಿನಿ ಎಂಬ ದೇಶದ್ದೂ ಅಲ್ಲ. ಇಲಿ, ಅಳಿಲುಗಳಂತೆ ಕಡಿಯುವ ಹಲ್ಲಿನ ಜಾತಿಗೆ ಸೇರಿದ್ದು. ಇದರ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಪೆರು, ಬೊಲಿವಿಯ ಮುಂತಾದ ಕಡೆ ಸಾವಿರಾರು ವರ್ಷಗಳಿಂದ ಇದನ್ನು ಮಾಂಸಕ್ಕಾಗಿ ಮನೆಯಲ್ಲೇ ಸಾಕುತ್ತಾರೆ. 16ನೇ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪಿಗೆ ಹೋಯಿತು. ನಮ್ಮ ಪಶುವೈದ್ಯಕೀಯಕ್ಕೂ ಇದರ ಉಪಕಾರ ದೊಡ್ಡದು. ಕಾಲುಬಾಯಿ ಜ್ವರವನ್ನು ಗಿನಿಪಿಗ್‌ನಲ್ಲಿ ಬರಿಸಿ ಅಭ್ಯಾಸ ಮಾಡಬಹುದೆಂದು 1920ರಲ್ಲಿ ಜರ್ಮನಿಯ ವಾಲ್ಡ್‌ಮನ್ ಮತ್ತು ಪಾಪೆ ತೋರಿಸಿದ ಮೇಲೆ ಆ ರೋಗದ ಸಂಶೋಧನೆ ಸುಲಭವಾಯಿತು.

ಬೆಳೆದ ಪ್ರಾಣಿ 700 ಗ್ರಾಂನಿಂದ 1,200 ಗ್ರಾಂ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ 5ರಿಂದ 8 ವರ್ಷ ಬದುಕುತ್ತದೆ. ಅಂದರೆ ನಾಲ್ಕನೆಯ ತರಗತಿಯ ಮಗುವಿಗೆ ತಂದುಕೊಟ್ಟದ್ದು ಆ ಮಗು ಹೈಸ್ಕೂಲು ಮುಗಿಸುವವರೆಗೂ ಮನೆಯಲ್ಲಿರಬೇಕಾದ ಜೀವ. ತರುವ ಮೊದಲೇ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಹಸುವಿಗೂ ಇದಕ್ಕೂ ಇರುವ ವ್ಯತ್ಯಾಸ

ಎರಡೂ ಹುಲ್ಲು ತಿನ್ನುತ್ತವೆ. ಹಸು ತಿಂದ ಹುಲ್ಲು ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ಮೊದಲು ಹುದುಗಿ, ಆಮೇಲೆ ಮುಂದಕ್ಕೆ ಹೋಗುತ್ತದೆ. ಗಿನಿಪಿಗ್‌ಗೆ ಇರುವುದು ನಮ್ಮ ಹಾಗೆ ಒಂದೇ ಹೊಟ್ಟೆ. ಇದರಲ್ಲಿ ಹುಲ್ಲು ಹುದುಗುವುದು ಕೊನೆಯಲ್ಲಿ, ಕುರುಡು ಕರುಳಿನಲ್ಲಿ. ಅಲ್ಲಿ ತಯಾರಾದ ಬಿ ಗುಂಪಿನ ಜೀವಸತ್ವಗಳನ್ನು ಪಡೆಯಲು ಅದು ತನ್ನದೇ ಮೆತ್ತನೆಯ ಹಿಕ್ಕೆಯನ್ನು ಮತ್ತೆ ತಿನ್ನುತ್ತದೆ. ಹಸು ಮೆಲುಕು ಹಾಕುವುದಕ್ಕೆ ಬದಲಾಗಿ ಇದು ಎಂದು ತಿಳಿಯಿರಿ. ಮಕ್ಕಳು ಕಂಡು ಗಾಬರಿಯಾದರೆ ಹೇಳಿ: ಇದು ರೋಗವಲ್ಲ, ತಡೆಯಬಾರದು.

ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯ. ಹಸು ತನಗೆ ಬೇಕಾದ 'ಸಿ' ಜೀವಸತ್ವವನ್ನು ತನ್ನ ಪಿತ್ತಜನಕಾಂಗದಲ್ಲೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಬೇಸಿಗೆಯಿಡೀ ಬರೀ ಒಣಹುಲ್ಲು ತಿಂದರೂ ಅದರ ಒಸಡಿನಲ್ಲಿ ರಕ್ತ ಬರುವುದಿಲ್ಲ. ಗಿನಿಪಿಗ್‌ಗೆ, ಮನುಷ್ಯರಿಗೆ ಮತ್ತು ಮಂಗಗಳಿಗೆ ಈ ಶಕ್ತಿ ಇಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಇಬ್ಬರು ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿ ನೋಡಿದಾಗ, ಹಿಂದೆ ಹಡಗಿನ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗವೇ ಅವುಗಳಲ್ಲಿ ಕಾಣಿಸಿತು. ತಾಜಾ ತರಕಾರಿ ಕೊಟ್ಟರೆ ರೋಗ ಬರಲಿಲ್ಲ. ನೂರು ವರ್ಷಕ್ಕೂ ಹಿಂದೆ ನಾರ್ವೆಯಲ್ಲಿ ಪರೀಕ್ಷೆಗೆಂದು ಮಾಡಿದ್ದನ್ನೇ ಇಂದು ನಾವು ಅರಿಯದೆ ಮನೆಯಲ್ಲಿ ಮಾಡುತ್ತಿದ್ದೇವೆ. ಬೂಸಾ, ಹಿಂಡಿ, ನೆನೆಸಿದ ಕಡಲೆ, ಒಣಹುಲ್ಲು, ಬಿಸ್ಕತ್ತು: ಈ ಯಾವುದರಲ್ಲೂ ಹೇಳಿಕೊಳ್ಳುವಷ್ಟು 'ಸಿ' ಜೀವಸತ್ವ ಇಲ್ಲ.

ಕೊರತೆಯ ಲಕ್ಷಣಗಳು ಸುಮಾರು ಎರಡು ವಾರದಲ್ಲಿ ಶುರುವಾಗುತ್ತವೆ. ಕೂದಲು ಒರಟಾಗುತ್ತದೆ, ಓಡಾಟ ಕಡಿಮೆಯಾಗುತ್ತದೆ, ಕೀಲುಗಳು ಊದಿ ಎತ್ತಿಕೊಂಡರೆ ಕಿರುಚುತ್ತದೆ, ಒಸಡಿನಲ್ಲಿ ರಕ್ತ ಬರುತ್ತದೆ, ಬೇಧಿಯೂ ಆಗಬಹುದು. ಈ ಹಂತದಲ್ಲಿ ಗುರುತಿಸಿದರೆ ಉಳಿಸಬಹುದು.

ಏನು ತಿನ್ನಿಸಬೇಕು?

ಮೊದಲನೆಯದು ಹುಲ್ಲು. ಅದರ ಆಹಾರದ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು, ಹಗಲೂ ರಾತ್ರಿ ಅದರ ಮುಂದೆ ಇರಬೇಕು. ಇದರ ಹಲ್ಲು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತದೆ. ನಾರಿರುವ ಹುಲ್ಲನ್ನು ಅಗಿಯುತ್ತಿದ್ದರೆ ಮಾತ್ರ ಹಲ್ಲು ಸವೆಯುತ್ತದೆ. ಗರಿಕೆ, ಹಸುವಿಗೆಂದು ಬೆಳೆದ ನೇಪಿಯರ್‌ನ ಎಳೆ ಎಲೆ, ಗಿನಿ ಹುಲ್ಲು ಎಲ್ಲವೂ ಆಗುತ್ತವೆ. ಪೇಟೆಯವರು ದುಡ್ಡು ಕೊಟ್ಟು ತರುವ ಹುಲ್ಲು ನಿಮ್ಮ ಬದುವಿನ ಮೇಲಿದೆ.

ಮಳೆಗಾಲದಲ್ಲಿ ಕೊಯ್ದ ಹುಲ್ಲನ್ನು ನೀರು ಸೋರಿಸಿ, ನೆರಳಲ್ಲಿ ಹರಡಿ ಬಾಡಿಸಿ ಕೊಡಿ. ರಾಶಿ ಹಾಕಿ ಬಿಸಿಯೇರಿದ ಹುಲ್ಲು ಹಸುವಿಗೆ ಹೊಟ್ಟೆ ಉಬ್ಬರ ತರುವಂತೆ ಇದಕ್ಕೂ ತರುತ್ತದೆ. ಇದಕ್ಕೆ ತೇಗುವುದೂ ಬಾರದು. ಬಿಸಿಲಿರುವಾಗಲೇ ಒಂದೆರಡು ಹೊರೆ ಹುಲ್ಲನ್ನು ಹಸಿರು ಬಣ್ಣ ಉಳಿಯುವಂತೆ ಒಣಗಿಸಿ ಅಟ್ಟಕ್ಕೆ ಹಾಕಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಂತೆಯಿಲ್ಲ. ಬೂಷ್ಟು ಹಿಡಿದದ್ದನ್ನು ಮಾತ್ರ ಕೊಡಬೇಡಿ.

ಎರಡನೆಯದು 'ಸಿ' ಜೀವಸತ್ವ. ದಿನಕ್ಕೆ ಒಂದು ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು; ಗಬ್ಬದ ಪ್ರಾಣಿಗೆ ಮೇಲಿನ ಅಳತೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಇದು ಸುಮಾರು 200 ಮಿಲಿಗ್ರಾಂ ಇರುತ್ತದೆ. ಅಂದರೆ ಹತ್ತು ಹದಿನೈದು ಗ್ರಾಂನ ಒಂದು ಹೋಳು ಒಂದು ದಿನಕ್ಕೆ ಸಾಕು. ನುಗ್ಗೆಸೊಪ್ಪಿನಲ್ಲೂ ಇದು ಚೆನ್ನಾಗಿದೆ, ಆದರೆ ಅದರಲ್ಲಿ ಸುಣ್ಣದ ಅಂಶ ಜಾಸ್ತಿಯಾದ್ದರಿಂದ ವಾರಕ್ಕೆ ಎರಡು ಸಲ ಒಂದು ಚಿಕ್ಕ ಕಡ್ಡಿಯಷ್ಟು ಕೊಡಿ. ಬೆಟ್ಟದ ನೆಲ್ಲಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಹುಳಿಯೆಂದು ಕೆಲವು ಮುಟ್ಟುವುದಿಲ್ಲ, ಮುಟ್ಟಿದರೆ ಒಂದು ಸಣ್ಣ ಚೂರು ಸಾಕು. ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸಹ ಒಳ್ಳೆಯವು. "ನಾವು ದಿನಾ ಕ್ಯಾರೆಟ್, ಸೌತೆಕಾಯಿ ಕೊಡುತ್ತೇವಲ್ಲ" ಎನ್ನುವವರಿದ್ದಾರೆ. ಅವೆರಡರಲ್ಲೂ ಈ ಜೀವಸತ್ವ ತೀರಾ ಕಡಿಮೆ. ತಾಜಾ ಹಸಿರು ಹುಲ್ಲಿನಲ್ಲಿ ಇರುತ್ತದೆ, ಒಣಗಿದರೆ ಬಹುಪಾಲು ಹೋಗುತ್ತದೆ. ಆದ್ದರಿಂದ ಹಸಿರು ಕಡಿಮೆಯಾಗುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹೆಚ್ಚಿನ ಎಚ್ಚರ ಬೇಕು.

ಅಂಗಡಿಯ ಗುಳಿಗೆ ಆಹಾರ ತರುವುದಾದರೆ ಗಿನಿಪಿಗ್‌ಗೆಂದೇ ತಯಾರಿಸಿದ್ದನ್ನು ಕೇಳಿ, ತಯಾರಾದ ದಿನಾಂಕ ನೋಡಿ. ಮೊಲದ ಗುಳಿಗೆಯಲ್ಲಿ ಸಾಮಾನ್ಯವಾಗಿ 'ಸಿ' ಸೇರಿಸಿರುವುದಿಲ್ಲ. ಸೇರಿಸಿದ್ದರೂ ಎರಡು ಮೂರು ತಿಂಗಳಲ್ಲಿ ಅದರ ಸತ್ವ ಇಳಿಯುತ್ತದೆ. ಕುಡಿಯಲು ಶುದ್ಧ ನೀರನ್ನು ಮಗುಚದ ಮಣ್ಣಿನ ಬೋಗುಣಿಯಲ್ಲಿಟ್ಟು ದಿನಾ ಬದಲಿಸಿ. 'ಸಿ' ಮಾತ್ರೆಯನ್ನು ನೀರಿನಲ್ಲಿ ಕರಗಿಸಿಟ್ಟರೆ ಬೆಳಕಿಗೆ ಬೇಗ ಕೆಡುತ್ತದೆ, ಪ್ರಯೋಜನವಿಲ್ಲ.

ಏನು ಕೊಡಬಾರದು?

ಹಸುವಿನ ಪಶು ಆಹಾರ ಬೇಡ. ಅದು ಮೆಲುಕು ಹಾಕುವ ಪ್ರಾಣಿಗೆಂದು ತಯಾರಾದದ್ದು. ಕೆಲವು ಪಶು ಆಹಾರದಲ್ಲಿ ಸ್ವಲ್ಪ ಯೂರಿಯಾ ಇರುತ್ತದೆ. ಅದನ್ನು ಬಳಸಿಕೊಳ್ಳುವ ರೂಮೆನ್ ಇದಕ್ಕಿಲ್ಲ. ಖನಿಜ ಮಿಶ್ರಣವೂ ಬೇಡ. ಹಾಲು ಹಿಂಡುವ ಹಸುವಿಗೆ ಅದು ಅಮೃತ. ಗಿನಿಪಿಗ್‌ಗೆ ಹೆಚ್ಚಾದ ಸುಣ್ಣದಂಶ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ಹಾಲು, ಅನ್ನ, ಮುದ್ದೆ, ಬ್ರೆಡ್ಡು ಯಾವುದೂ ಬೇಡ.

ನಮ್ಮ ತೋಟಗಳಲ್ಲಿ ಬೆಣ್ಣೆಹಣ್ಣಿನ ಮರ ಸಾಕಷ್ಟಿವೆ. ಅದರ ಎಲೆ, ಹಣ್ಣು ಗಿನಿಪಿಗ್‌ಗೆ ವಿಷ. ಎಲೆ ತಿಂದ ಆಡುಗಳ ಕೆಚ್ಚಲೂ ಬಾಯುತ್ತದೆ ಎಂಬುದನ್ನು ಈ ಸಂದರ್ಭದಲ್ಲೇ ನೆನಪಿಡಿ. ಲಂಟಾನ, ಜರಿಗಿಡ, ಆಲೂಗೆಡ್ಡೆ ಮತ್ತು ಟೊಮೇಟೊ ಗಿಡದ ಎಲೆ, ಈರುಳ್ಳಿ, ಬೆಳ್ಳುಳ್ಳಿ ಸಹ ಆಗದು. ಕಳೆನಾಶಕ ಹೊಡೆದ ಕಡೆಯ ಹುಲ್ಲನ್ನು, ಬೋರ್ಡೋ ದ್ರಾವಣ ಸಿಂಪಡಿಸಿದ ಕಾಫಿ, ಮೆಣಸು, ಅಡಿಕೆಯ ಬುಡದ ಹುಲ್ಲನ್ನು ತರಲೇಬೇಡಿ. ಒಂದು ಕಿಲೋ ಪ್ರಾಣಿಗೆ ಒಂದು ಹಿಡಿ ಹುಲ್ಲಿನ ಮೇಲಿನ ವಿಷವೂ ಹೆಚ್ಚೇ.

ಕೊಟ್ಟಿಗೆಯ ಔಷಧ ಮುಟ್ಟಬೇಡಿ

ಈ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಕೆಚ್ಚಲು ಬಾವಿಗೆ ತಂದ ಟ್ಯೂಬು, ಚುಚ್ಚುಮದ್ದಿನ ಉಳಿಕೆ ಹಲವರ ಮನೆಯಲ್ಲಿರುತ್ತದೆ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್: ಇವು ಗಿನಿಪಿಗ್‌ನ ಕುರುಡು ಕರುಳಿನಲ್ಲಿರುವ ಒಳ್ಳೆಯ ಜೀವಾಣುಗಳನ್ನು ಕೊಲ್ಲುತ್ತವೆ. ಆ ಜಾಗದಲ್ಲಿ ವಿಷ ಹುಟ್ಟಿಸುವ ಜೀವಾಣು ಬೆಳೆದು ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. 1940ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಪೆನಿಸಿಲಿನ್ನಿನ ಮೊದಲ ಪರೀಕ್ಷೆಯನ್ನು ಇಲಿಗಳ ಮೇಲೆ ಮಾಡಿದರು, ಇಲಿಗಳು ಬದುಕಿದವು. ಗಿನಿಪಿಗ್‌ಗಳ ಮೇಲೆ ಮಾಡಿದ್ದರೆ ಆ ಔಷಧವನ್ನೇ ವಿಷವೆಂದು ಬದಿಗಿಡುತ್ತಿದ್ದರೋ ಏನೋ.

ಔಷಧ ಕೊಟ್ಟ ಹಸುವಿನ ಹಾಲನ್ನು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ ಎಂದು ನಾವು ಹೇಳುತ್ತಿರುತ್ತೇವೆ. ಚೆಲ್ಲುವುದೇಕೆಂದು ಆ ಹಾಲನ್ನು ಗಿನಿಪಿಗ್ ಮುಂದೆ ಇಡಬೇಡಿ. ಹಸುವಿನ ಉಣ್ಣೆಗೆ ಹಚ್ಚುವ ಔಷಧವನ್ನೂ ಇದರ ಮೈಗೆ ಹಚ್ಚಬೇಡಿ. ಕಜ್ಜಿಯಾದರೆ ಪಶುವೈದ್ಯರ ಬಳಿ ತನ್ನಿ. ತೂಕ ನೋಡಿಯೇ ಅಳತೆ ಹೇಳಬೇಕು.

ವಾಸ

ಕೊಟ್ಟಿಗೆಯಲ್ಲಿ ಇಡಬೇಡಿ. ಗಂಜಲದ ಘಾಟು, ತೊಳೆದ ನೀರಿನ ತೇವದಿಂದ ಶ್ವಾಸಕೋಶದ ಬಾವು ಬರುತ್ತದೆ. ಇಲಿ, ಹೆಗ್ಗಣ, ಬೆಕ್ಕು, ಹಾವಿನ ಭಯವೂ ಇದೆ. ಜಗಲಿಯಲ್ಲಿ ಇರಚಲು ಹೊಡೆಯದ, ಒಲೆಯ ಹೊಗೆ ಬಾರದ ಗೋಡೆಯ ಪಕ್ಕ ಒಳ್ಳೆಯದು. ಎರಡು ಪ್ರಾಣಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಬೇಕು. ತಳ ಹಲಗೆಯದಾಗಿರಲಿ, ತಂತಿಜಾಲರಿಯ ಮೇಲೆ ಪಾದ ಹುಣ್ಣಾಗುತ್ತದೆ. ಮೇಲೆ ಮತ್ತು ಸುತ್ತ ಜಾಲರಿ ಹಾಕಿ. ಶೀಟಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಇಡಬೇಡಿ. 28 ಡಿಗ್ರಿ ದಾಟಿದರೆ ಇದಕ್ಕೆ ಸಂಕಟ.

ಹಾಸಿಗೆಗೆ ಹಳೆಯ ಪತ್ರಿಕೆ, ಅದರ ಮೇಲೆ ಒಣಹುಲ್ಲು ಸಾಕು. ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಕಾಫಿ ಸಿಪ್ಪೆ ಬೇಡ: ತೇವ ಎಳೆದು ಬೂಷ್ಟು ಹಿಡಿಯುತ್ತದೆ, ತಿಂದರೂ ಒಳ್ಳೆಯದಲ್ಲ. ಕೊಟ್ಟಿಗೆಗೆ ತಂದ ಕಾಡಿನ ತರಗೆಲೆಯನ್ನು ಇದರ ಗೂಡಿಗೆ ಹಾಕಲೇಬೇಡಿ. ಅದರಲ್ಲಿ ಉಣ್ಣೆ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಅದು ಹರಡುವುದು ಉಣ್ಣೆಯಿಂದಲೇ. ಮಕ್ಕಳು ಮಡಿಲಲ್ಲಿಟ್ಟುಕೊಳ್ಳುವ ಪ್ರಾಣಿಯ ಜೊತೆ ಅದನ್ನು ಮನೆಯೊಳಕ್ಕೆ ತರಬಾರದು.

ಮೊದಲ ವಾರ

ತಂದ ಮೊದಲ ಎರಡು ಮೂರು ದಿನ ಅದರ ಪಾಡಿಗೆ ಬಿಡಿ. ಅವಿತುಕೊಳ್ಳಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ ಇಡಿ. ಅಂಗಡಿಯವನು ಏನು ತಿನ್ನಿಸುತ್ತಿದ್ದನೆಂದು ಕೇಳಿಕೊಂಡು ಬಂದು ಒಂದು ವಾರದಲ್ಲಿ ನಿಧಾನವಾಗಿ ಮೇವು ಬದಲಿಸಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಕೊಡಬೇಕು. ಚಿಕ್ಕ ಮಕ್ಕಳು ನೆಲದ ಮೇಲೆ ಕೂತೇ ಹಿಡಿಯಲಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಹುಳುಕಡ್ಡಿ ಇದರಿಂದ ಮನುಷ್ಯರಿಗೂ ಹತ್ತುತ್ತದೆ.

ಇದು ಜೊತೆ ಬಯಸುವ ಪ್ರಾಣಿ. ಎರಡು ತರುವುದಾದರೆ ಎರಡೂ ಹೆಣ್ಣು ತನ್ನಿ. ಗಂಡು ಹೆಣ್ಣು ಒಟ್ಟಿಗಿದ್ದರೆ ಹೆತ್ತ ದಿನವೇ ಮತ್ತೆ ಗಬ್ಬ ಕಟ್ಟುತ್ತದೆ. ಗಬ್ಬದ ಅವಧಿ 59ರಿಂದ 72 ದಿನ. ಮರಿಗಳು ಕಣ್ಣು ತೆರೆದೇ, ಮೈತುಂಬ ಕೂದಲಿನೊಡನೆ ಹುಟ್ಟಿ, ಕರುವಿನಂತೆ ಅಂದೇ ಓಡಾಡುತ್ತವೆ. ಗಂಡು ಮರಿಗಳನ್ನು ಮೂರು ವಾರಕ್ಕೇ ಬೇರೆ ಮಾಡಿ. ಹಸುವಿನಲ್ಲಿಲ್ಲದ ಒಂದು ತೊಡಕು ಇಲ್ಲಿದೆ: ಏಳು ತಿಂಗಳ ಒಳಗೆ ಒಮ್ಮೆಯೂ ಮರಿ ಹಾಕದ ಹೆಣ್ಣಿನ ಸೊಂಟದ ಮೂಳೆ ಕೂಡಿಕೊಂಡುಬಿಡುತ್ತದೆ. ಆಮೇಲೆ ಗಬ್ಬವಾದರೆ ಹೆರಿಗೆಯಾಗದೆ ತಾಯಿ ಸಾಯಬಹುದು. "ಒಂದು ಸಲ ಮರಿ ಹಾಕಲಿ, ಮಕ್ಕಳು ನೋಡಲಿ" ಎಂಬ ಆಸೆಗೆ ದೊಡ್ಡ ಹೆಣ್ಣನ್ನು ಗಂಡಿನ ಜೊತೆ ಬಿಡಬೇಡಿ.

ಯಾವಾಗ ತೋರಿಸಬೇಕು?

ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲು ಮಕ್ಕಳಿಗೇ ಹೇಳಿ. ವಾರದಲ್ಲಿ 50 ಗ್ರಾಂಗಿಂತ ಹೆಚ್ಚು ಇಳಿದರೆ ತೋರಿಸಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ಸಂಜೆವರೆಗೆ ಕಾಯಬಹುದು. ಗಿನಿಪಿಗ್ ಅರ್ಧ ದಿನ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಕರುಳು ನಿಂತುಹೋಗುತ್ತದೆ, ಅಂದೇ ತನ್ನಿ. ಜೊಲ್ಲು, ಮೂಗಿನ ಸೋರಿಕೆ, ಮೂತ್ರದಲ್ಲಿ ರಕ್ತ, ಏದುಸಿರು ಕಂಡರೂ ತಡಮಾಡಬೇಡಿ. ಬರುವಾಗ ಅದು ತಿನ್ನುತ್ತಿದ್ದ ಮೇವನ್ನೂ ಸ್ವಲ್ಪ ತನ್ನಿ, ಅರ್ಧ ರೋಗ ಅದರಲ್ಲೇ ತಿಳಿಯುತ್ತದೆ. "ಇಷ್ಟು ಸಣ್ಣದಕ್ಕೆ ಡಾಕ್ಟರನ್ನು ಕೇಳುವುದೇ" ಎಂಬ ಸಂಕೋಚ ಬೇಡ. ಕೇಳಿ.

ಒಟ್ಟಿನಲ್ಲಿ ಹೇಳುವುದಿಷ್ಟೇ. ಶುದ್ಧವಾದ ಹುಲ್ಲು, ದಿನಕ್ಕೊಂದು ಹೋಳು ಸೀಬೆಹಣ್ಣು, ಒಣಗಿದ ಜಾಗ: ಇವು ಮೂರೂ ನಿಮ್ಮ ಹಿತ್ತಲಲ್ಲಿ, ಜಗಲಿಯಲ್ಲಿ ಇವೆ. ಹಸುವಿನ ಆಹಾರದ ಚೀಲವನ್ನೂ ಔಷಧದ ಟ್ಯೂಬನ್ನೂ ಅದರಿಂದ ದೂರವಿಡಿ. ಸದಸ್ಯರು ಈ ಮಾತನ್ನು ಮನೆಯ ಮಕ್ಕಳಿಗೂ ತಿಳಿಸಬೇಕೆಂದು ಕೋರುತ್ತೇನೆ.