ಎಲೆಯ ಮೇಲಿನ ವಲಯ

(ಪುಟ್ಟೇನಹಳ್ಳಿಯ ಕೈತೋಟಾಸಕ್ತರ ಮುಂದೆ ಆಡಿದ ಮಾತು)

ನರ್ಸರಿಯ ಜೆರೇನಿಯಂ ಕುಂಡದ ಚೀಟಿಯಲ್ಲಿ ‘ಝೋನಲ್’ ಎಂದು ಓದಿ, ಇದು ನಮ್ಮ ಹವೆಯ ಗಿಡವಲ್ಲವೇನೋ ಎಂದು ಕೆಳಗಿಟ್ಟವರಿರಬಹುದು. ನಾನೂ ಇಟ್ಟಿದ್ದೆ. ಆದರೆ ಪ್ರದೇಶಕ್ಕೂ ಆ ಪದಕ್ಕೂ ಸಂಬಂಧವಿಲ್ಲ. ಎಲೆ ನೋಡಿ: ಕುದುರೆಯ ಲಾಳದ ಹಾಗೆ ಕಂದು ಪಟ್ಟೆಯೊಂದಿದೆ. ಹೆಸರು ಅದರದೇ. ಕೆಲವು ತಳಿಗಳಲ್ಲಿ ಪಟ್ಟೆ ಮಸುಕು. ಗ್ರೀಕಿನ ‘ಝೋನೆ’ ಎಂದರೆ ಸೊಂಟಪಟ್ಟಿ. ನಮ್ಮ ‘ವಲಯ’ಕ್ಕೂ ಬಳೆ ಎಂಬುದೇ ಹಳೆಯ ಅರ್ಥ. ‘ಯಲಹಂಕ ವಲಯ’ ಎಂದು ಕೇಳಿ ಕೇಳಿ ಬಳೆ ಮರೆತಿದೆ, ಅಷ್ಟೆ!

ದಕ್ಷಿಣ ಆಫ್ರಿಕ ಮೂಲದ ಈ ಗಿಡವನ್ನು 1753ರಲ್ಲಿ ಲಿನೇಯಸ್ ಜೆರೇನಿಯಂ ಎಂದ. 1789ರಲ್ಲಿ ಲೆರಿಟಿಯೇ ಪೆಲಾರ್ಗೋನಿಯಂ ಕುಲಕ್ಕೆ ಸೇರಿಸಿದ. ಚೀಟಿ ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ‘ಪೆಲಾರ್ಗೋಸ್’ ಎಂದರೆ ಕೊಕ್ಕರೆ. ಕಾಯಿ ಅದರ ಕೊಕ್ಕಿನಂತೆ ಚೂಪು. ಹಕ್ಕಿಗಳ ಕೆರೆಯ ದಡದಲ್ಲಿರುವ ನಿಮಗೆ ಅದನ್ನು ವಿವರಿಸಬೇಕಿಲ್ಲ.