ಪುರುಷೋತ್ತಮನ ಕುರ್ಚಿಯಲ್ಲಿ ಮಹಿಳಾ ಇನ್ಸ್‌ಪೆಕ್ಟರ್

(ನೌಬಾದದಲ್ಲಿ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)



ಪತ್ತೇದಾರಿ ಕಥೆಯ ಬಗ್ಗೆ ವೇದಿಕೆ ಹತ್ತಿ ಮಾತನಾಡುವುದೆಂದರೆ ಕೊಂಚ ಸಂಕೋಚವೇ. ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದುವ ಸರಕು ಎಂದೇ ಅದಕ್ಕೆ ಹೆಸರು. ಆದರೆ ಒಂದು ಸಮಾಜ ಯಾರಿಗೆ ಹೆದರುತ್ತದೆ, ಯಾರನ್ನು ನಂಬುತ್ತದೆ, ಯಾರನ್ನು ನೋಡಿ ನಗುತ್ತದೆ ಎಂಬುದು ಮಹಾಕಾವ್ಯಗಳಿಗಿಂತ ಬೇಗ ಇಂಥ ಅಗ್ಗದ ಪುಸ್ತಕಗಳಲ್ಲಿ ತಿಳಿಯುತ್ತದೆ. ಇವತ್ತು ಎರಡು ಪ್ರಶ್ನೆ ಎತ್ತಿಕೊಂಡಿದ್ದೇನೆ. ಕೊಲೆಯ ಕಥೆಯಲ್ಲಿ ನಗುವಿಗೇನು ಕೆಲಸ? ಪತ್ತೆ ಮಾಡುವವಳು ಹೆಂಗಸಾದರೆ ಆ ನಗು ಏಕೆ ಬದಲಾಗುತ್ತದೆ?

ಬೀದರಿನವರಿಗೆ ಪತ್ತೇದಾರಿ ಪುಸ್ತಕದ ಕಪಾಟು ಒಂದಲ್ಲ, ಎರಡು. 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದ ಈ ನೆಲದಲ್ಲಿ ಉರ್ದು ಬಲ್ಲ ಹಿರಿಯರಿಗೆ ಇಬ್ನೆ ಸಫಿ ಎಂಬ ಹೆಸರು ಹೇಳಿದರೆ ಸಾಕು. ಅವರ ‘ಜಾಸೂಸಿ ದುನಿಯಾ’ ಮಾಲೆ ಅಲಹಾಬಾದಿನಿಂದ 1952ರಲ್ಲಿ ಆರಂಭವಾಯಿತು. ‘ಇಮ್ರಾನ್ ಸೀರೀಸ್’ ಬಂದದ್ದು 1955ರಲ್ಲಿ. ಮೊದಲ ಮಾಲೆಯಲ್ಲಿ 125, ಎರಡನೆಯದರಲ್ಲಿ 120 ಪುಸ್ತಕಗಳು. ಇಮ್ರಾನ್ ಗುಪ್ತಚರ ಸಂಸ್ಥೆಯ ಮುಖ್ಯಸ್ಥ. ಆದರೆ ಅವನ ಕೈಕೆಳಗಿನವರಿಗೇ ಅದು ಗೊತ್ತಿಲ್ಲ. ಹೊರಗೆ ಅವನು ಶುದ್ಧ ಪೆದ್ದ. ಹೆಣ ಬಿದ್ದಿರುವ ಮನೆಗೂ ಅವನು ತಮಾಷೆಯನ್ನು ಕೈಹಿಡಿದು ಕರೆದುಕೊಂಡು ಬರುತ್ತಾನೆ. ಇನ್ನು ‘ಜಾಸೂಸಿ ದುನಿಯಾ’ದಲ್ಲಿ ಲೇಡಿ ಇನ್ಸ್‌ಪೆಕ್ಟರ್ ರೇಖಾ ಎಂಬವಳೂ ಇದ್ದಾಳೆ. ಇದ್ದಾಳೆ, ಅಷ್ಟೆ. ಮಾಲೆ ಮಾತ್ರ ಫರೀದಿ ಮತ್ತು ಹಮೀದರದು.

ಕನ್ನಡದ ಕಪಾಟಿನಲ್ಲಿ ಅದೇ ಐವತ್ತರ ದಶಕದಲ್ಲಿ ಎನ್. ನರಸಿಂಹಯ್ಯನವರು ಬಂದರು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಅಕ್ಷರ ಕಲಿತವರನ್ನೆಲ್ಲ ಓದುಗರನ್ನಾಗಿ ಮಾಡಿದ ಪುಣ್ಯಾತ್ಮರು ಅವರು. ಅವರ ನಾಯಕನ ಹೆಸರೇ ಪುರುಷೋತ್ತಮ. ಪುರುಷರಲ್ಲಿ ಉತ್ತಮನಾದವನು ಇರುವಾಗ ಸ್ತ್ರೀಗೆ ಅಲ್ಲಿ ಹೆಚ್ಚು ಕೆಲಸವೇನು? ಇದನ್ನು ಅವರ ಮೇಲಿನ ದೂರೆಂದು ತಿಳಿಯಬೇಡಿ. ಆಗಿನ ನಮ್ಮ ಠಾಣೆಗಳೂ ಗಂಡಸರವೇ ಆಗಿದ್ದವು.

ಬೇರೆ ಕಡೆ ಕಲ್ಪನೆ ವಾಸ್ತವಕ್ಕಿಂತ ಮುಂದೆ ಓಡಿತ್ತು. 1864ರಲ್ಲೇ ಲಂಡನ್ನಿನಲ್ಲಿ ಹೆಣ್ಣು ಪತ್ತೇದಾರರ ಕಥೆಗಳ ಎರಡು ಪುಸ್ತಕಗಳು ಅಚ್ಚಾದವು. ಆಗ ಅಲ್ಲಿಯ ಪೊಲೀಸ್ ಪಡೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ನಮ್ಮಲ್ಲಿ ಕಿರಣ್ ಬೇಡಿ ಐಪಿಎಸ್ ಸೇರಿದ್ದು 1972ರಲ್ಲಿ. ದಕ್ಷಿಣ ಭಾರತದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಜೀಜಾ ಹರಿಸಿಂಗ್ ಕರ್ನಾಟಕಕ್ಕೆ ಸೇರಿದವರು, 1975ರ ತಂಡದವರು. ರಾಜ್ಯದ ಪೊಲೀಸ್ ಮುಖ್ಯಸ್ಥರ ಕುರ್ಚಿಯಲ್ಲಿ ಮೊದಲ ಮಹಿಳೆಯಾಗಿ ನೀಲಮಣಿ ರಾಜು ಕುಳಿತದ್ದು 2017ರಲ್ಲಿ. ಅಂದರೆ ಆ ಕುರ್ಚಿಗೆ ನಡುವೆ ನಲವತ್ತೆರಡು ವರ್ಷ ಬೇಕಾಯಿತು.

ಮಹಿಳಾ ಪೊಲೀಸರು ಶೋಭೆಗಾಗಿ ಇರುವವರಲ್ಲ; ಕಾನೂನಿಗೇ ಅವರು ಬೇಕು. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕೆಂಬುದು ಹಳೆಯ ನಿಯಮ. ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು, ವಿಶೇಷ ಸಂದರ್ಭವಿಲ್ಲದೆ ಹೆಂಗಸನ್ನು ಬಂಧಿಸಕೂಡದು. ಬಂಧಿಸಲೇಬೇಕಾದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಮಹಿಳಾ ಅಧಿಕಾರಿಯೇ ಆಗಬೇಕು. ಇದು 2005ರ ತಿದ್ದುಪಡಿ. 2013ರಿಂದೀಚೆಗೆ ಲೈಂಗಿಕ ಅಪರಾಧಕ್ಕೆ ಗುರಿಯಾದ ಹೆಣ್ಣಿನ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಈ ನಿಯಮಗಳು ಉಳಿದಿವೆ. ಆದ್ದರಿಂದ ಠಾಣೆಯಲ್ಲಿ ಹೆಣ್ಣಿಲ್ಲ ಎಂದರೆ ಕೆಲವು ಸತ್ಯಗಳು ಕಾಗದಕ್ಕೇ ಇಳಿಯುವುದಿಲ್ಲ.

ತೆರೆಯ ಮೇಲೆ ಅವಳು ಬಂದದ್ದು ತಡವಾಗಿಯಾದರೂ ಗಟ್ಟಿಯಾಗಿಯೇ. 1989ರಲ್ಲಿ ದೂರದರ್ಶನದ ‘ಉಡಾನ್’ ಧಾರಾವಾಹಿಯನ್ನು ಕವಿತಾ ಚೌಧರಿ ತಮ್ಮ ಅಕ್ಕ, ಐಪಿಎಸ್ ಅಧಿಕಾರಿ ಕಾಂಚನ್ ಚೌಧರಿ ಅವರ ಬದುಕಿನ ಸ್ಫೂರ್ತಿಯಿಂದ ಮಾಡಿದರು. 1990ರಲ್ಲಿ ತೆಲುಗಿನ ‘ಕರ್ತವ್ಯಂ’ನಲ್ಲಿ ವಿಜಯಶಾಂತಿ ಖಾಕಿ ತೊಟ್ಟರು. ಕನ್ನಡದಲ್ಲಿ ‘ಎಸ್.ಪಿ. ಭಾರ್ಗವಿ’ಯಾಗಿ ಮಾಲಾಶ್ರೀ ಬಂದರು. ಸೀಟಿ ಬಿದ್ದವು, ಸರಿ. ಆದರೆ ಈ ಚಿತ್ರಗಳ ಅಧಿಕಾರಿಣಿಗೆ ನಗಲು ಪುರುಸೊತ್ತಿಲ್ಲ. ತಾನು ಗಂಡಸಿಗೆ ಕಡಿಮೆಯಿಲ್ಲ ಎಂದು ಒದ್ದು ತೋರಿಸುವುದರಲ್ಲೇ ಅವಳ ಆಯುಷ್ಯ ಕಳೆಯುತ್ತದೆ. ಚಿತ್ರದಲ್ಲಿ ಹಾಸ್ಯ ಬೇಕಾದಾಗ ಪಕ್ಕದ ಪೇದೆಯನ್ನು, ಎಷ್ಟೋ ಸಲ ದಪ್ಪಗಿನ ಹೆಣ್ಣು ಪೇದೆಯನ್ನು, ಮುಂದೆ ತಳ್ಳುತ್ತಾರೆ.

ಇನ್ನೊಂದು ದಾರಿಯೂ ಇದೆ. 1996ರ ಅಮೆರಿಕದ ‘ಫಾರ್ಗೋ’ ಚಿತ್ರದ ಪೊಲೀಸ್ ಮುಖ್ಯಸ್ಥೆ ತುಂಬು ಗರ್ಭಿಣಿ. ಹಿಮದಲ್ಲಿ ಬಿದ್ದ ಹೆಣಗಳನ್ನು ನೋಡುತ್ತಲೇ ಅವಳಿಗೆ ಬೆಳಗಿನ ವಾಂತಿ ಬರುವಂತಾಗುತ್ತದೆ, ಆಮೇಲೆ ಹಸಿವಾಗುತ್ತದೆ. ನಾವು ನಗುತ್ತೇವೆ, ಆದರೆ ಅವಳನ್ನು ನೋಡಿ ಅಲ್ಲ. ಅಷ್ಟಿಷ್ಟು ಹಣಕ್ಕಾಗಿ ಒಬ್ಬರನ್ನೊಬ್ಬರು ಕೊಲ್ಲುವ ಜಾಣರನ್ನು ನೋಡಿ.

ನಮ್ಮ ದೇಶದ ಉದಾಹರಣೆ 2023ರ ಹಿಂದಿ ಚಿತ್ರ ‘ಕಟಹಲ್’, ಅಂದರೆ ಹಲಸು. ಶಾಸಕರ ಮನೆಯಂಗಳದ ಮರದಿಂದ ಎರಡು ಹಲಸಿನಕಾಯಿ ಕಾಣೆಯಾಗುತ್ತವೆ. ಇಡೀ ಠಾಣೆ ಅದರ ಬೆನ್ನು ಹತ್ತುತ್ತದೆ. ಅದೇ ಮನೆಯ ತೋಟದ ಮಾಲಿಯ ಮಗಳೂ ಕಾಣೆಯಾಗಿದ್ದಾಳೆ. ಅವಳನ್ನು ಹುಡುಕಲು ಯಾರಿಗೂ ಆತುರವಿಲ್ಲ. ಕೆಳಜಾತಿಯಿಂದ ಬಂದ ಇನ್ಸ್‌ಪೆಕ್ಟರ್ ಮಹಿಮಾ ಆಗ ಒಂದು ಉಪಾಯ ಹೂಡುತ್ತಾಳೆ: ಹಲಸು ಕದ್ದವಳು ಆ ಹುಡುಗಿಯೇ ಎಂದು ಹೇಳಿಬಿಡುತ್ತಾಳೆ. ತಕ್ಷಣ ಹುಡುಕಾಟ ಶುರು! ಹುಡುಗಿಗೆ ಇಲ್ಲದ ಬೆಲೆ ಹಲಸಿಗಿದೆ ಎಂಬುದನ್ನು ಭಾಷಣದಲ್ಲಿ ಹೇಳಿದ್ದರೆ ನಾವು ತಲೆದೂಗಿ ಮರೆಯುತ್ತಿದ್ದೆವು. ನಕ್ಕಿದ್ದರಿಂದ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಇದು ಬರೀ ಕಥೆಯಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಪೊಲೀಸರು ದೂರು ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹುಟ್ಟಿದ್ದು, ಅಪ್ರಾಪ್ತ ಮಗಳು ಕಾಣೆಯಾದಳೆಂದು ಠಾಣೆಗೆ ಹೋದ ತಂದೆಯೊಬ್ಬನ ಅಳಲಿನಿಂದ. “ಎಲ್ಲೋ ಓಡಿಹೋಗಿರಬೇಕು, ಬರ್ತಾಳೆ ಬಿಡು” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದೂ ಒಂದು ತಮಾಷೆಯೇ. ಆದರೆ ಅದು ಮೇಲಿನಿಂದ ಕೆಳಕ್ಕೆ ಎಸೆದ ತಮಾಷೆ. ಕತ್ತಲ ಹಾಸ್ಯದ ಕೆಲಸ ಕೆಳಗಿನಿಂದ ಮೇಲಕ್ಕೆ ನಗುವುದು. ಖಾಕಿಯೊಳಗಿದ್ದೂ ಹೊರಗಿನವಳಾಗಿ ಉಳಿದ ಹೆಣ್ಣಿಗೆ ಎರಡು ಬಗೆಯ ನಗುವೂ ಗೊತ್ತು. ಮೊದಲನೆಯದನ್ನು ಸಹಿಸಿಕೊಂಡೇ ಅವಳು ಎರಡನೆಯದನ್ನು ಕಲಿತಿರುತ್ತಾಳೆ.

ಅಂಥ ಮಾಲೆಯೊಂದು ಕನ್ನಡದಲ್ಲಿ ಹುಟ್ಟುವುದಾದರೆ ಬೀದರಿಗಿಂತ ಒಳ್ಳೆಯ ಜಾಗ ಯಾವುದು? ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಔರಾದಿನ ಕಡೆಯ ಹೊಲದಲ್ಲಿ ಹೆಣವೊಂದು ಗಡಿಕಲ್ಲಿನ ಮೇಲೆ ಅಡ್ಡ ಬಿದ್ದಿದೆ ಎಂದಿಟ್ಟುಕೊಳ್ಳಿ. ತಲೆ ಒಂದು ರಾಜ್ಯದಲ್ಲಿ, ಕಾಲು ಇನ್ನೊಂದರಲ್ಲಿ. ಸತ್ತವನು ಯಾರವನು ಎಂಬುದಕ್ಕೆ ಮೊದಲು ಅವನು ಯಾವ ಠಾಣೆಯವನು ಎಂಬ ಜಗಳ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕೆಂದು ಈಗ ಕಾನೂನೇ ಹೇಳುತ್ತದೆ. ಆದರೂ ಕಾಲಿನ ಕಡೆಯವರು ತಲೆಯ ಕಡೆ ಕೈ ತೋರಿಸುತ್ತಾರೆ. ಹೆಂಡತಿ ಮರಾಠಿಯಲ್ಲಿ ಅತ್ತದ್ದನ್ನು ಒಬ್ಬ ಉರ್ದುವಿನಲ್ಲಿ ವಿವರಿಸಿ, ಮತ್ತೊಬ್ಬ ಕನ್ನಡದಲ್ಲಿ ಬರೆಯುವಷ್ಟರಲ್ಲಿ ಅವಳೇ ಆರೋಪಿಯಾಗಿರುತ್ತಾಳೆ. ನಾಲ್ಕು ಭಾಷೆ ಬಲ್ಲ ಭಾಲ್ಕಿಯ ಹೆಣ್ಣುಮಗಳೊಬ್ಬಳು ಅಲ್ಲಿ ಇನ್ಸ್‌ಪೆಕ್ಟರಾಗಿದ್ದರೆ ಅವಳು ಮಾಡುವ ಮೊದಲ ತನಿಖೆ, ಆ ಹೆಂಡತಿಯ ಪಕ್ಕ ಕುಳಿತು ಅವಳ ಮಾತನ್ನು ಅವಳ ಭಾಷೆಯಲ್ಲೇ ಕೇಳುವುದು.

ನಿಮ್ಮ ನೌಬಾದದ ಸುರಂಗ ಬಾವಿಯನ್ನು ನೋಡಿ. ನೆಲದ ಮೇಲೆ ಕಾಣುವುದು ಅಲ್ಲೊಂದು ಇಲ್ಲೊಂದು ಬಾಯಿ ಮಾತ್ರ. ಕೆಳಗೆ ನೀರಿನ ದಾರಿ ಒಂದೇ. ಅಪರಾಧವೂ ಹಾಗೆಯೇ: ಮೇಲೆ ಬಿಡಿ ಬಿಡಿ ಘಟನೆ, ಕೆಳಗೆ ಜಾತಿ, ಹಣ, ಭಯಗಳ ಒಂದೇ ಹರಿವು. ಪುರುಷೋತ್ತಮ ನಮಗೆ ಬಾಯಿಗಳನ್ನು ಎಣಿಸಲು ಕಲಿಸಿದ. ಕೆಳಗಿಳಿದು ನೋಡಿ, ಮೇಲೆ ಬಂದು ನಗುತ್ತಲೇ ಸತ್ಯ ಹೇಳುವವಳಿಗಾಗಿ ಕಪಾಟಿನಲ್ಲಿ ಜಾಗ ಮಾಡುವ ಕೆಲಸ ಬರೆಯುವವರದಷ್ಟೇ ಅಲ್ಲ, ಓದುವ ನಿಮ್ಮದೂ ಹೌದು.